ಆ ಮನೆಯ ಎರಡನೆಯ ಒಲೆ

ನಮ್ಮ ಮಾವನ ಎಡಗೈ ಹೆಬ್ಬೆರಳಿನಲ್ಲಿ ಉಗುರು ಪೂರ್ತಿ ಬೆಳೆದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಹಳೆಯದು ಕಪ್ಪಾಗಿ ಉದುರುವ ಹೊತ್ತಿಗೆ ಬುಡದಲ್ಲಿ ಹೊಸದು ಅಕ್ಕಿಕಾಳಿನಷ್ಟು ಮೂಡಿರುತ್ತಿತ್ತು. ಅಷ್ಟರಲ್ಲಿ ಅವರು ಇನ್ನೊಂದು ಮೊಳೆ ಹೊಡೆಯಲು ಹೋಗಿ ಸುತ್ತಿಗೆಯನ್ನು ಅದರ ಮೇಲೆಯೇ ಇಳಿಸುತ್ತಿದ್ದರು. "ಹಾಳಾದ್ದು, ಅಡ್ಡ ಬಂತು" ಎಂದು ಬೆರಳನ್ನೇ ಬೈದು, ಅದನ್ನು ಬಾಯಲ್ಲಿಟ್ಟುಕೊಂಡು ಒಂದು ಗಳಿಗೆ ಚೀಪಿ, ಮತ್ತೆ ಸುತ್ತಿಗೆ ಎತ್ತುವರು. ಅತ್ತೆ ಒಳಗಿನಿಂದಲೇ "ಹೊಡೀಬೇಕಾಗಿರೋದು ಮೊಳೆಗೆ ಅಂತ ಯಾರಾದ್ರೂ ಹೇಳ್ರಪ್ಪ ಅವರ್ಗೆ" ಎಂದು ಕೂಗುತ್ತಿದ್ದರು.

ಅದೇ ಕೈ ಬಲೆ ಹೆಣೆಯಲು ಕುಳಿತರೆ ಬೇರೆ ಯಾರದೋ ಕೈ ಅನ್ನಿಸುತ್ತಿತ್ತು. ಜಗುಲಿಯ ಕಂಬಕ್ಕೆ ದಾರದ ತುದಿ ಕಟ್ಟಿ, ಬೀದಿಯಲ್ಲಿ ಹೋಗಿಬರುವವರನ್ನು ಮಾತಾಡಿಸಿಕೊಂಡೇ ಮೊಲದ ಬಲೆಯ ಕಣ್ಣುಗಳನ್ನು ಹಾಕುತ್ತ ಹೋಗುವರು. ಒಂದು ಕಣ್ಣು ದೊಡ್ಡದಲ್ಲ, ಒಂದು ಚಿಕ್ಕದಲ್ಲ. ದೇವರು ಅವರಿಗೆ ಬೇಟೆಗಾರನ ಕೈ ಕೊಟ್ಟು ಗಾರೆ ಕೆಲಸದ ಆಸೆ ಹಚ್ಚಿದ್ದ. ಆ ಆಸೆಯ ಕಷ್ಟವನ್ನೂ ಸುಖವನ್ನೂ ಹೆಚ್ಚಾಗಿ ಉಂಡವಳು ನಾನೇ.

ನಾನು ರಾಜಾಜಿನಗರದಲ್ಲಿ ಬೆಳೆದವಳು. ಎಂಬತ್ತರ ದಶಕದ ಶುರುವಿನಲ್ಲಿ ಹೆಗ್ಗನಹಳ್ಳಿಯಿಂದ ನನ್ನನ್ನು ನೋಡಲು ಬಂದಾಗ, ಉಳಿದವರೆಲ್ಲ ಉಪ್ಪಿಟ್ಟು ತಿನ್ನುತ್ತ ನನ್ನನ್ನು ನೋಡುತ್ತಿದ್ದರೆ, ಮಾವನಾಗಲಿದ್ದವರು ಮಾತ್ರ ನಮ್ಮ ಮನೆಯನ್ನು ನೋಡುತ್ತಿದ್ದರು. ಗೋಡೆಯೊಳಗೆ ಕೂರಿಸಿದ್ದ ಷೋಕೇಸಿನ ಗಾಜನ್ನು ಅತ್ತಿತ್ತ ಸರಿಸಿದರು. ಕೆಂಪು ನೆಲವನ್ನು ಅಂಗೈಯಿಂದ ಸವರಿದರು. ಕೈ ತೊಳೆಯುತ್ತೇನೆಂದು ಬಚ್ಚಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಲ್ಲಿ ತಿರುಗಿಸುವ, ನಿಲ್ಲಿಸುವ ಸದ್ದು ಮಾತ್ರ ಕೇಳುತ್ತಿತ್ತು. ನಮ್ಮಣ್ಣ ತಡೆಯಲಾರದೆ "ಹುಡುಗಿ ಒಪ್ಪಿಗೆ ಆಯ್ತಾ?" ಎಂದು ಕೇಳಿದ. ಅವರು "ಆಯ್ತು ಆಯ್ತು" ಎಂದು ತಲೆಯಾಡಿಸಿ, "ಆ ಬಚ್ಚಲ ನೀರು ಎತ್ಲಾಗ್ ಓಯ್ತದೆ?" ಎಂದರು. ಹೆಣ್ಣು ನೋಡಲು ಬಂದವರು ಬಚ್ಚಲು ನೋಡಿ ಒಪ್ಪಿಕೊಂಡು ಹೋದರು ಎಂದು ನಮ್ಮ ಮನೆಯಲ್ಲಿ ಬಹಳ ದಿನ ನಗುತ್ತಿದ್ದರು.

ಮದುವೆಯಾಗಿ ಹೋದಮೇಲೆ ಅದರ ಅರ್ಥ ಗೊತ್ತಾಯಿತು. ಪೇಟೆಯಿಂದ ಬಂದ ಹುಡುಗಿಗೆ ಹಳ್ಳಿ ಮನೆಯಲ್ಲಿ ತೊಂದರೆಯಾಗಬಾರದು ಎಂದು ಅವರು ಮನೆಯನ್ನು ರಾಜಾಜಿನಗರ ಮಾಡಲು ಹೊರಟಿದ್ದರು. ಹಿತ್ತಲಲ್ಲಿದ್ದ ಬಚ್ಚಲನ್ನು ಒಳಕ್ಕೆ ತಂದರು. ತಂದದ್ದೇನೋ ಸರಿ, ನೆಲದ ಇಳಿಜಾರು ಮಾತ್ರ ನಡುಮನೆಯ ಕಡೆಗಿತ್ತು. ಒಬ್ಬರು ಸ್ನಾನ ಮಾಡಿದರೆ ಇನ್ನೊಬ್ಬರು ಹೊಸಿಲ ಬಳಿ ಪೊರಕೆ ಹಿಡಿದು ನಿಲ್ಲಬೇಕಾಗಿತ್ತು. ನಡುಮನೆಯ ಗೋಡೆ ಕೊರೆದು ಷೋಕೇಸು ಮಾಡಿದರು. ಅದರಲ್ಲಿಟ್ಟ ಲೋಟಗಳೆಲ್ಲ ನಿಧಾನವಾಗಿ ಜಾರಿ ಎಡಮೂಲೆಯಲ್ಲಿ ಗುಂಪುಗೂಡುತ್ತಿದ್ದವು. ನಮ್ಮ ಕೋಣೆಗೆ ಒಂದು ಕಿಟಕಿ ಇಟ್ಟರು. ತೆರೆದರೆ ಪಕ್ಕದ ಮನೆಯ ತಿಪ್ಪೆ. ನಾನು ಮೂಗು ಮುಚ್ಚಿಕೊಂಡದ್ದನ್ನು ನೋಡಿ, "ವಾಸ್ನೆ ಬಂದ್ರೆ ಬರ್ಲಿ ಕಣವ್ವ, ಜೊತೆಗೆ ಗಾಳೀನೂ ಬತ್ತದಲ್ಲ" ಎಂದರು. ನನ್ನ ಗಂಡ ಪೀಣ್ಯದ ಕಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಜೆ ಮನೆಗೆ ಬಂದವರೇ ಬಾಗಿಲಲ್ಲಿ ನಿಂತು "ಇವತ್ತೇನ್ ಒಡೆದ್ರು?" ಎಂದು ಕೇಳುತ್ತಿದ್ದರು. ನನಗೆ ನಗು, ಅತ್ತೆಗೆ ಸಿಟ್ಟು.

ಹೊಲದಲ್ಲಿ, ಪೊದೆಗಳಲ್ಲಿ ಆ ಮನುಷ್ಯನೇ ಬೇರೆ. ಆಗ ಹೆಗ್ಗನಹಳ್ಳಿ ಹಳ್ಳಿಯೇ. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ರಾಗಿ ಹೊಲಗಳ ನಡುವೆ ನಡೆದು ಬರಬೇಕಿತ್ತು. ಹೊಲ ಮುಗಿದ ಕಡೆ ಕುರುಚಲು ಗಿಡ, ಬಂಡೆ, ನೀಲಗಿರಿ ತೋಪು. ಒಮ್ಮೆ ಬುತ್ತಿ ಕೊಡಲು ಹೋದಾಗ ಮಾವ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿ, ನನ್ನನ್ನು ಒಂದು ಪೊದೆಯ ಬಳಿ ಕರೆದುಕೊಂಡು ಹೋದರು. ಹುಲ್ಲಿನಲ್ಲಿ ಬೊಗಸೆಯಷ್ಟು ತಗ್ಗು. "ಕೈ ಇಡು" ಎಂದರು. ಇಟ್ಟೆ. ಬೆಚ್ಚಗಿತ್ತು. "ಈಗ್ತಾನೆ ಎದ್ದೋಗೈತೆ ಮೊಲ. ಇದೇ ಅದರ ಮನೆ. ಗಾಳಿಗೆ ಬೆನ್ನಾಕ್ಕಂಡೇ ಕೂತ್ಕೊತದೆ, ಎತ್ಲಾಗ್ ಮಕ ಮಾಡ್ಬೇಕು ಅಂತ ಅದಕ್ಕೆ ಯಾರೂ ಹೇಳ್ಕೊಡೋದ್ ಬ್ಯಾಡ" ಎಂದರು. ಬೇಟೆಗೆ ಕಾನೂನಿನ ಅಡ್ಡಿ ಇತ್ತೆಂದು ನನಗೆ ತಿಳಿದದ್ದು ಬಹಳ ಆಮೇಲೆ. ಆ ಊರಿಗೆ ಬಂದು ಯಾರೂ ಅದನ್ನು ಹೇಳಿದಂತೆ ಕಾಣಲಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಬೇಟೆ ಇಡೀ ಊರಿನದು. ಅದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ದಿನ. ದುಡ್ಡು ಹಾಕಿ ಕುರಿ ಕಡಿದು ಹಂಚಿಕೊಳ್ಳುವ ಗುಡ್ಡೆ ಮಾಂಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಬೇಟೆಯ ಪಾಲು ಹಾಗಲ್ಲ. ಸಿಕ್ಕಿದ ಮೊಲ ಎಷ್ಟೇ ಇರಲಿ, ಊರಿನ ಪ್ರತಿ ಒಲೆಗೂ ಒಂದೊಂದು ತುಂಡಾದರೂ ಹೋಗಬೇಕು. ತಲೆ ಲೆಕ್ಕವಲ್ಲ, ಸೂರಿನ ಲೆಕ್ಕವಲ್ಲ, ಒಲೆ ಲೆಕ್ಕ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೆ ಅವರಿಗೆ ಬೇರೆ ಬೇರೆ ಪಾಲು. ಅರಳಿಕಟ್ಟೆಯ ಮುಂದೆ ಮುತ್ತುಗದ ಎಲೆಗಳ ಮೇಲೆ ತುಂಡುಗಳನ್ನು ಇಡುತ್ತಾರೆ. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಊರಿನ ಹಿರಿಯರು ಒಂದು ಎಲೆ ಮುಟ್ಟಿ "ಇದ್ಯಾರ್ದು?" ಎನ್ನುತ್ತಾರೆ, ಅವನು ನೋಡದೆಯೇ ಒಂದು ಒಲೆಯ ಯಜಮಾನನ ಹೆಸರು ಕೂಗುತ್ತಾನೆ. ಆಗ ದೊಡ್ಡ ತುಂಡು ಚಿಕ್ಕ ತುಂಡು ಎಂಬ ಜಗಳವಿಲ್ಲ. ಆ ಒಲೆಯ ಹೆಂಗಸು ಪಾತ್ರೆ ಹಿಡಿದು ಮುಂದೆ ಬಂದು ಪಾಲು ತೆಗೆದುಕೊಂಡು ಹೋಗುತ್ತಾಳೆ. ತುಂಡು ನಾಲಿಗೆಗೆ ಸಾಲುವಷ್ಟು ಇರುತ್ತಿರಲಿಲ್ಲ. ಆದರೆ ಹೆಸರು ಕೂಗಿಸಿಕೊಂಡ ಒಲೆಯನ್ನು ಊರು ಒಪ್ಪಿಕೊಂಡಂತೆ. ಆಮೇಲೆ ಆ ಮನೆಯವರನ್ನು ಮದುವೆ ಮುಂಜಿಗೆ ಕರೆಯುವುದು, ಹಬ್ಬಕ್ಕೆ ಪಾಲು ಕೇಳುವುದು, ಬಾವಿಯ ಸರದಿ ಕೊಡುವುದು ಎಲ್ಲ ತಾನಾಗಿ ನಡೆಯುತ್ತದೆ.

ನನ್ನ ಮಗಳು ತೊದಲು ಮಾತಾಡುತ್ತಿದ್ದ ಕಾಲದಲ್ಲಿ ನನ್ನ ಗಂಡನಿಗೆ ಕಾಮಾಲೆಯಾಯಿತು. ಔಷಧಿ, ಪಥ್ಯ, ಆಸ್ಪತ್ರೆ ಎಲ್ಲ ಆಯಿತು. ಉಳಿಯಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ. ಮಾವ ಆ ವರ್ಷ ಸುತ್ತಿಗೆಯನ್ನೂ ಮುಟ್ಟಲಿಲ್ಲ, ಬಲೆಯನ್ನೂ ಮುಟ್ಟಲಿಲ್ಲ. ಜಗುಲಿಯ ಮೇಲೆ ಕುಳಿತು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬೀದಿ ನೋಡುತ್ತಿದ್ದರು.

ಮನೆಯಲ್ಲಿ ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಭಾವ, ಅಂದರೆ ನನ್ನ ಗಂಡನ ಅಣ್ಣ, ಮುಂಗೋಪಿಯಾದರೂ ಕೆಟ್ಟವರಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಕೆಯೂ ಅಕ್ಕನಂತೆಯೇ ಇದ್ದಳು. ಆದರೂ ನನ್ನ ಕೈ ತಾನಾಗಿ ಹಿಂಜರಿಯತೊಡಗಿತು. ಮುಂಚೆ ಕೇಳದೆ ತೆಗೆಯುತ್ತಿದ್ದ ಹಾಲನ್ನು ಮಗುವಿಗೆ ಬೇಕೆಂದು ಕೇಳಿ ತೆಗೆಯುತ್ತಿದ್ದೆ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಸುಮ್ಮನೆ ಉಣ್ಣುತ್ತಿದ್ದೆ. ಹಗಲೆಲ್ಲ ಊದುಬತ್ತಿ ಹೊಸೆದು ಬಂದದ್ದನ್ನು ಅತ್ತೆಯ ಕೈಗೆ ಕೊಟ್ಟರೂ ಆ ಹಿಂಜರಿಕೆ ಹೋಗಲಿಲ್ಲ. ಕೇಳು ಎಂದು ಯಾರೂ ಹೇಳಿರಲಿಲ್ಲ. ಕೇಳಬೇಡ, ನೀನೇ ತಗೋ ಎಂದು ಹೇಳಬೇಕೆಂದೂ ಯಾರಿಗೂ ಹೊಳೆಯಲಿಲ್ಲ.

ವರ್ಷದ ಕಾರ್ಯ ಮುಗಿದಮೇಲೆ ರಾಜಾಜಿನಗರದಿಂದ ನಮ್ಮಣ್ಣ ಬಂದ. "ಯುಗಾದಿ ಕಳೀಲಿ, ಬಂದು ಕರ್ಕೊಂಡ್ ಹೋಗ್ತೀನಿ. ಮಗೂನ ಅಲ್ಲೇ ಸ್ಕೂಲಿಗೆ ಸೇರಿಸೋಣ" ಎಂದ. ಅಪ್ಪ ಅಮ್ಮ ಆಗಲೇ ಇರಲಿಲ್ಲ. ನಾನು ಹುಟ್ಟಿ ಬೆಳೆದ ಮನೆ ಈಗ ಅಣ್ಣ ಅತ್ತಿಗೆಯರದು, ಅವರ ಮೂರು ಮಕ್ಕಳದು. ಅತ್ತಿಗೆ ಬೇಡವೆನ್ನುವವಳಲ್ಲ. ಆದರೆ ಅಲ್ಲಿಯೂ ನಾನು ಉಪ್ಪಿನ ಡಬ್ಬ ಮುಟ್ಟುವ ಮುಂಚೆ ಯೋಚಿಸಬೇಕಾದವಳೇ. ಹೂಂ ಎಂದುಬಿಟ್ಟೆ. ಬೇರೆ ದಾರಿ ಕಾಣಲಿಲ್ಲ.

ಅಣ್ಣನನ್ನು ಕಳಿಸಿ ಒಳಗೆ ಬಂದಾಗ ಮಾವ ಜಗುಲಿಯಲ್ಲೇ ಇದ್ದರು. "ಹೋಗ್ಬೇಕು ಅಂತ ಐತೇನವ್ವ ನಿಂಗೆ?" ಎಂದು ಕೇಳಿದರು.

"ಹೋಗ್ಬೇಕು ಅಂತಾನೂ ಇಲ್ಲ, ಇರ್ಬೇಕು ಅಂತಾನೂ ಇಲ್ಲ ಮಾವ. ಎಲ್ಲಿದ್ರೂ ಇನ್ನೊಬ್ಬರ ಒಲೆ" ಎಂದೆ. ಅಂದಮೇಲೆ ಅಳು ಬಂತು. ಅಷ್ಟು ದಿನ ಅದನ್ನು ನನಗೇ ಹೇಳಿಕೊಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ದಡಬಡ ಸದ್ದು ಕೇಳಿ ಓಡಿ ಹೋಗಿ ನೋಡಿದರೆ, ಮಾವ ಹಾರೆ ಹಿಡಿದು ಕೊಟ್ಟಿಗೆಯ ಗೋಡೆ ಒಡೆಯುತ್ತಿದ್ದರು.

ಅತ್ತೆ ಬಾಯಿಗೆ ಸೆರಗಿಟ್ಟುಕೊಂಡು ನಿಂತರು. "ಮತ್ತೆ ಶುರುವಾಯ್ತಾ? ಹಸ ಎಲ್ಲಿ ಕಟ್ಟಾನ?"

"ಹಸ ಬಯಲಲ್ಲೂ ಇರ್ತದೆ. ಸೊಸೆಗೆ ಅಡುಗೆಮನೆ ಮಾಡ್ತಿವ್ನಿ."

ಅತ್ತೆ ಒಳಗೆ ಹೋದರು. ಆ ಕೆಲಸ ಮುಗಿಯುವವರೆಗೂ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ.

ಸಿಟ್ಟು ಬಂದದ್ದು ಭಾವನಿಗೆ. ಹೊಲದಿಂದ ಬಂದವರು ಒಡೆದ ಗೋಡೆಯ ಮುಂದೆ ನಿಂತು ಅಪ್ಪನನ್ನು ಕೇಳಿದರು: "ನಾನೇನ್ ಅವಳ್ಗೆ ಅನ್ನ ಹಾಕಾಕಿಲ್ಲ ಅಂದ್ನಾ? ಒಲೆ ಎಲ್ಡಾದ್ರೆ ಮನೆ ಒಡೆದಂಗೆ ಅಲ್ವಾ? ತಮ್ಮ ಸತ್ತಿದ್ದೇ ತಡ, ಅಣ್ಣ ಅವ್ನ ಹೆಂಡ್ತೀನ ಬೇರೆ ಹಾಕ್ದ ಅಂತ ಊರೋರು ನನ್ ಮಕಕ್ಕೆ ಉಗೀತಾರೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆ ಒಲೆ ಬೇರೆಯಾಯಿತೆಂದರೆ ಹೊಲವೂ ಬೇರೆಯಾಗುವ ದಿನ ದೂರವಿಲ್ಲ ಎಂದೇ ಅರ್ಥ. ಜಗಳವಾಡಿದವರು ಒಲೆ ಬೇರೆ ಮಾಡುತ್ತಾರೆ. ಜಗಳವೇ ಇಲ್ಲದ ಮನೆಯಲ್ಲಿ ಮಾವ ಅದನ್ನು ಮಾಡುತ್ತಿದ್ದರು. ಅವರು ಹಾರೆ ಕೆಳಗಿಟ್ಟು ಮಗನ ಕಡೆ ತಿರುಗಿದರು.

"ನೀನ್ ಹಾಕ್ತೀಯ ಕಣ್ಲಾ, ನಂಗೊತ್ತು. ಹಾಕೋನ್ಗೆ ಏನ್ ಕಷ್ಟ? ಹಾಕಿಸ್ಕಂಡ್ ಉಣ್ಣೋ ಕಷ್ಟ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅವಳು ಬಾಯ್ಬುಟ್ಟು ಹೇಳವ್ಳೆ. ಕೇಳಿಸ್ಕಂಡೂ ಸುಮ್ಕಿರ್ಲಾ?"

ಭಾವ ಹೊರಟುಹೋದರು. ಅಪ್ಪ ಮಗ ಆಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೂ ಮಾತಿರಲಿಲ್ಲ. ನಾನು ಮಾವನ ಕೈಕಾಲು ಹಿಡಿದು "ಬೇಡ ಮಾವ, ನಾನು ಅಣ್ಣನ ಮನೇಗೇ ಹೋಗ್ತೀನಿ, ನನ್ನಿಂದ ನಿಮಗೆ ನಿಮಗೆ ಯಾಕೆ ಜಗಳ" ಎಂದೆ. ಅವರು ಮಣ್ಣು ಕಲಸುತ್ತಿದ್ದರು. "ನೀರಾಕು" ಎಂದರು. ಹಾಕಿದೆ. ಅಷ್ಟೇ ಉತ್ತರ.

ಮೇಸ್ತ್ರಿಯನ್ನು ಕರೆಯಲಿಲ್ಲ. ಎಲ್ಲವನ್ನೂ ತಾವೇ ಮಾಡಿದರು, ತಾವು ಯಾವಾಗಲೂ ಮಾಡುವಂತೆಯೇ ಮಾಡಿದರು. ಇಟ್ಟಿಗೆ ಗೋಡೆ ಒಂದು ಕಡೆ ಸ್ವಲ್ಪ ಹೊಟ್ಟೆ ಬಿಟ್ಟಿತು. ಬಾಗಿಲಿಗೆ ಹಳೆಯ ಹಲಗೆ ಜೋಡಿಸಿದರು. ಅದನ್ನು ಎತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತಿತ್ತು. ಕಿಟಕಿಗಿಂತ ಮುಂಚೆ ಷೋಕೇಸಿಗೆ ಜಾಗ ಬಿಟ್ಟರು. "ನಿಮ್ಮಮ್ಮನ ಮನೇಲಿ ಇತ್ತಲ್ಲ" ಎಂದರು. ನೆಲಕ್ಕೆ ಕೆಂಪು ಹಾಕಿ ತಿಕ್ಕಿ ತಿಕ್ಕಿ ಮೊಣಕಾಲು ಕೆಂಪು ಮಾಡಿಕೊಂಡರು. ಕೊನೆಗೆ ಒಂದು ಮೂಲೆಯಲ್ಲಿ, ಕೋಟೆ ಗೋಡೆಯಷ್ಟು ದಪ್ಪಗೆ, ಒಲೆಯನ್ನೂ ತಾವೇ ಹಾಕಿದರು.

ಒಲೆ ಹಾಕುವುದು ಹೆಂಗಸರ ಕೆಲಸ. ಗಂಡಸು ಹಾಕಿದ ಒಲೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನನಗೆ ಅದರ ತಪ್ಪು ತಿಳಿಯಲೂ ಇಲ್ಲ. ಯುಗಾದಿಯ ದಿನ ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿದಮೇಲೆ ಅತ್ತೆ ಮೊದಲ ಸಲ ಕೊಟ್ಟಿಗೆಗೆ ಬಂದರು. ಗೋಡೆ ನೋಡಿದರು, ಬಾಗಿಲು ನೋಡಿದರು. ಒಲೆ ನೋಡಿದವರೇ ಹಣೆ ಚಚ್ಚಿಕೊಂಡರು.

"ತೆಂಕ್ಲು ಕಡೆ ಮಕ ಮಾಡ್ಕಂಡ್ ಅಡುಗೆ ಮಾಡ್ತಾರಾ ಯಾರಾದ್ರೂ? ಮನೇಲಿ ಒಂದ್ ಸಾವಾಗಿದ್ದು ಸಾಲ್ದಾ?"

ಮಾವನ ಮುಖ ಬಾಡಿಹೋಯಿತು. ಮೊಲ ಗಾಳಿಗೆ ಹೇಗೆ ಕೂರುತ್ತದೆಂದು ಬಲ್ಲ ಮನುಷ್ಯ, ಅಡುಗೆ ಮಾಡುವವಳು ಯಾವ ದಿಕ್ಕಿಗೆ ಕೂರಬೇಕೆಂದು ಯೋಚಿಸಿರಲಿಲ್ಲ. ಮಾರನೆಯ ದಿನವೇ ಹೊಸತೊಡಕು. ಉರಿ ಕಾಣದ ಒಲೆಗೆ ಊರಿನಲ್ಲಿ ಪಾಲಿಲ್ಲ. ಅತ್ತೆ ಹಾರೆ ಎತ್ತಿಕೊಂಡು ಆ ಒಲೆಯನ್ನು ನಾಲ್ಕು ಏಟಿಗೆ ಕೆಡವಿದರು. ಎಲ್ಲ ಮುಗಿಯಿತು ಎಂದುಕೊಂಡೆ. ಅತ್ತೆ ಹಬ್ಬದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದೇ ಮಣ್ಣಿಗೆ ನೀರು ಚಿಮುಕಿಸಿ, ಕುಕ್ಕರಗಾಲಿನಲ್ಲಿ ಕುಳಿತರು. "ನಿಂತ್ಕಂಡ್ ನೋಡ್ಬ್ಯಾಡ, ಮಣ್ಣಿಗೆ ಹುಲ್ಲು ಕತ್ತರಿಸ್ಕೊಡು" ಎಂದರು ನನಗೆ. ಹೊತ್ತು ಇಳಿಯುವುದರೊಳಗೆ ಮೂಡಣಕ್ಕೆ ಮುಖ ಮಾಡಿ ಅಡುಗೆ ಮಾಡುವ ಹಾಗೆ ಒಲೆ ಎದ್ದಿತು. ಅತ್ತೆ ಅದನ್ನು ನುಣ್ಣಗೆ ಸವರಿ, ಅಂಗೈ ಗುರುತು ಉಳಿಯದ ಹಾಗೆ ಸಾರಿಸಿ, ನನ್ನ ಮುಖ ನೋಡದೆ ಎದ್ದು ಹೋದರು.

ಬೆಳಿಗ್ಗೆ ಒಲೆ ಹಸಿಯಾಗಿತ್ತು. ಆದರೂ ಹಚ್ಚಲೇಬೇಕು. ಬೇಟೆಗೆ ಹೊರಡುವ ಗಂಡಸರೆಲ್ಲ ನಾಯಿಗಳ ಸಮೇತ ನಮ್ಮ ಮನೆಯ ಮುಂದೆ ಸೇರಿದ್ದರು, ಬಲೆ ಮಾವನದಲ್ಲವೇ. ನಾನು ಪೂಜೆ ಮಾಡಿ, ಒಣ ತೆಂಗಿನಗರಿ ಇಟ್ಟು ಉರಿ ಹಾಕಿದೆ. ಹಸಿ ಮಣ್ಣಿನಿಂದ ಹೊಗೆ ಎದ್ದಿತು. ಎದ್ದ ಹೊಗೆ ಹೊರಗೆ ಹೋಗಲಿಲ್ಲ. ಆಗ ತಿಳಿಯಿತು: ಮಾವ ಷೋಕೇಸಿಗೆ ಜಾಗ ಬಿಟ್ಟಿದ್ದರು, ಹೊಗೆಗೆ ಬಿಟ್ಟಿರಲಿಲ್ಲ. ಕಣ್ಣು ಕಾಣದೆ, ಕೆಮ್ಮುತ್ತ, ಮಗಳನ್ನು ಎತ್ತಿಕೊಂಡು ಹೊರಗೆ ಓಡಿ ಬಂದೆ. ಹೊಗೆ ಬಾಗಿಲಿಂದಲೂ ಹೆಂಚಿನ ಸಂದಿಯಿಂದಲೂ ದಟ್ಟವಾಗಿ ನುಗ್ಗಿ ಬೀದಿ ತುಂಬಿತು. ಬೆಂಕಿ ಬಿತ್ತೆಂದು ಆ ಕೊನೆಯ ಮನೆಯವರು ಬಿಂದಿಗೆ ಹಿಡಿದು ಓಡಿ ಬಂದರು. ನಾಯಿಗಳು ಬೊಗಳಿದವು. ಮಾವ ಹೆಗಲ ಮೇಲಿದ್ದ ಬಲೆಯನ್ನೂ ಇಳಿಸದೆ ಏಣಿ ಹತ್ತಿ ಸೂರಿನ ಮೇಲೆ ಹೋಗಿ ನಾಲ್ಕಾರು ಹೆಂಚು ಕಿತ್ತರು. ಅಲ್ಲಿಂದ ಹೊಗೆ ನೆಟ್ಟಗೆ ಮೇಲೆದ್ದಿತು. ಊರಿಗೆ ಊರೇ ಕೆಮ್ಮುತ್ತ ನಗುತ್ತಿತ್ತು.

ಮಾವ ಇಳಿದು ಬಂದು, ಮಸಿ ಮುಖದಲ್ಲೇ ನನಗೆ ಹೇಳಿದರು: "ಮಧ್ಯಾಹ್ನ ಅರಳಿಕಟ್ಟೆ ತಾವ ಬಾ. ಪಾತ್ರೆ ತಗಂಡ್ ಬಾ."

ಹೋದೆ. ನನ್ನ ಕೈಯಲ್ಲಿ ತವರಿನಿಂದ ಬಂದ ಸ್ಟೀಲಿನ ಪಾತ್ರೆ. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತೆ. ಹೆಸರು ಕೂಗದಿದ್ದರೆ ಈ ಖಾಲಿ ಪಾತ್ರೆ ಹಿಡಿದು ಎಲ್ಲರೆದುರು ವಾಪಸು ಹೋಗಬೇಕು. ಹೋದರೆ ಕೊಟ್ಟಿಗೆಗಲ್ಲ, ನೇರ ರಾಜಾಜಿನಗರಕ್ಕೇ ಎಂದು ತೀರ್ಮಾನಿಸಿಕೊಂಡಿದ್ದೆ. ಆ ವರ್ಷ ಮೊಲ ಕಡಿಮೆ ಬಿದ್ದಿದ್ದವು. ತುಂಡುಗಳು ಚಿಕ್ಕವು. ಹಿರಿಯರು ಎಲೆ ಹಾಕಿಸುತ್ತ ನಮ್ಮ ಮನೆಗೆ ಬಂದಾಗ "ನಿಮ್ದೊಂದು" ಎಂದರು.

"ಎಲ್ಡು ಹಾಕ್ಸಿ" ಎಂದರು ಮಾವ.

"ಎರಡ್ನೇದು ಉರಿ ಕಂಡೈತೇನಪ್ಪ?"

"ಬೆಳಗ್ಗೆ ಕೆಮ್ಮಿದ್ದು ಮರ್ತೋಯ್ತಾ?"

ನಗು ಎದ್ದಿತು. ಹಿರಿಯರೂ ನಕ್ಕು ಇನ್ನೊಂದು ಎಲೆ ಹಾಕಿಸಿದರು. ಆದರೆ ಎಲೆ ಹಾಕಿದ್ದಕ್ಕೇ ಆಗಲಿಲ್ಲ, ಹೆಸರು ಕೂಗಬೇಕು. ಕೂಗುವುದು ಬಲೆ ಕಟ್ಟಿದ ಮನೆಯವರ ಕೆಲಸ. ಬೆನ್ನು ತಿರುಗಿಸಿ ನಿಂತಿದ್ದವರು ಭಾವ.

ಒಂದೊಂದೇ ಹೆಸರು ಕೂಗಿದರು. ಹೆಂಗಸರು ಒಬ್ಬೊಬ್ಬರೇ ಮುಂದೆ ಹೋಗಿ ಬಂದರು. ಮಾವನ ಹೆಸರು ಕೂಗಿದಾಗ ಅಕ್ಕ ಹೋಗಿ ಪಾಲು ತಂದಳು. ಕೊನೆಗೆ ಒಂದು ಎಲೆ ಉಳಿಯಿತು. "ಇದ್ಯಾರ್ದು?" ಎಂದರು ಹಿರಿಯರು. ಭಾವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. "ಇನ್ನೊಂದ್ ಎಲೆ ಐತೆ ಕಣಪ್ಪ" ಎಂದು ಹಿರಿಯರು ಮತ್ತೆ ಹೇಳಿದರು. ಭಾವ ನನ್ನ ಗಂಡನ ಹೆಸರು ಹೇಳಿದರು.

ಎಲ್ಲರೂ ನನ್ನ ಕಡೆ ನೋಡಿದರು. ಆ ಹೆಸರನ್ನು ಅಷ್ಟು ಜನರ ನಡುವೆ ಕೇಳಿ ಬಹಳ ದಿನವಾಗಿತ್ತು. ಹಿಂತಿರುಗಿದರೆ ಅವರು ನಿಂತಿರುತ್ತಾರೇನೋ ಅನ್ನಿಸಿತು.

ಮಾವ ಜೋರಾಗಿ ಮಾತಾಡುವವರಲ್ಲ. ಆವತ್ತೂ ಜೋರು ಮಾಡಲಿಲ್ಲ. "ಸತ್ತೋನು ಬಂದು ಅಡುಗೆ ಮಾಡಾಕಿಲ್ಲ ಕಣೋ ಮಗ. ಉರಿ ಹಾಕ್ದೋಳ್ ಹೆಸ್ರು ಹೇಳು" ಎಂದರು.

ಭಾವ ನಿಯಮ ಮುರಿದು ಹಿಂದಕ್ಕೆ ತಿರುಗಿದರು. ನನ್ನನ್ನು ಹುಡುಕಿ, ನೋಡಿ, ನನ್ನ ಹೆಸರು ಕೂಗಿದರು. ಆ ಊರಿಗೆ ನಾನು ಅಲ್ಲಿಯವರೆಗೆ ರಾಜಾಜಿನಗರದೋಳು, ಇಲ್ಲವೇ ಇಂಥವರ ಸೊಸೆ, ಇಂಥವರ ಹೆಂಡತಿ. ಗಂಡಸರ ನಡುವೆ ನನ್ನ ಸ್ವಂತ ಹೆಸರು ಕೇಳಿದ್ದು ಅದೇ ಮೊದಲು. ಹೋಗಿ ಪಾತ್ರೆ ಚಾಚಿದೆ. ಬಂದದ್ದು ಮುಂಗಾಲಿನ ಒಂದು ತುಂಡು, ಮಾಂಸಕ್ಕಿಂತ ಮೂಳೆಯೇ ಹೆಚ್ಚು. ಅದನ್ನು ಮನೆಗೆ ತಂದು, ಯಾರನ್ನೂ ಕೇಳದೆ, ನನ್ನ ಕೈಯಳತೆಗೆ ಉಪ್ಪು ಹಾಕಿ ಬೇಯಿಸಿದೆ.

ಹೇಳಿದಂತೆ ಅಣ್ಣ ಕರೆದುಕೊಂಡು ಹೋಗಲು ಬಂದ. ನನ್ನ ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ ಬಡಿಸಿದೆ. ಅವನು ಸುತ್ತಲೂ ನೋಡಿದ. ಹೊಟ್ಟೆ ಬಿಟ್ಟ ಗೋಡೆಯನ್ನು, ಹೆಂಚು ಕಿತ್ತ ಕಡೆ ಕಾಣುವ ಆಕಾಶವನ್ನು ನೋಡಿದ. "ಮಳೆ ಬಂದ್ರೆ ಏನ್ ಮಾಡ್ತೀಯ?" ಎಂದ. "ಮಾವ ಏನಾದ್ರೂ ಮಾಡ್ತಾರೆ" ಎಂದೆ. ಉಂಡು ಕೈ ತೊಳೆದು ಒಬ್ಬನೇ ಹೊರಟ. ಮಾವ ಮಳೆಗಾಲಕ್ಕೆ ಮುಂಚೆ ಏನೋ ಮಾಡಿದರು. ಅದು ಸೋರಿತು. ಅದು ಬೇರೆ ಮಾತು.

ಆ ಮನುಷ್ಯನನ್ನು ನಾನು ಹೆಚ್ಚಾಗಿ ನೆನೆಯುವುದು ಇನ್ನೊಂದು ಕಾರಣಕ್ಕೆ. ಅಡುಗೆಮನೆ ಕಟ್ಟಿದವರು ಅವರು, ಜಾಗ ಅವರದು, ಹೆಂಚು ಇಟ್ಟಿಗೆ ಅವರದು. ಆದರೂ ಹೊಸತೊಡಕಿನ ಆ ದಿನದಿಂದ, ಬಾಗಿಲ ಹೊರಗೆ ನಿಂತು "ಬರಬೋದೇನವ್ವ?" ಎಂದು ಕೇಳದೆ ಅವರು ಒಳಗೆ ಕಾಲಿಡಲಿಲ್ಲ. ನಾನು ನಗುತ್ತ "ಇದೇನ್ ಮಾವ" ಎಂದರೆ, "ಬೇರೆಯೋರ್ ಮನೆಗೆ ನುಗ್ತಾರಾ?" ಎನ್ನುವರು. ಒಳಗೆ ಬಂದು ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೊಟ್ಟದ್ದನ್ನು ನೆಂಟರ ಹಾಗೆ ಹೊಗಳಿ ಉಣ್ಣುವರು. ಹಾಕಿಸಿಕೊಂಡು ಉಣ್ಣುವುದು ಹೇಗೆಂದು ಆ ವಯಸ್ಸಿನಲ್ಲಿ ಕಲಿತರು.

ದಶಕ ಮುಗಿಯುವ ಹೊತ್ತಿಗೆ ನಮ್ಮ ಸುತ್ತ ಪೊದೆಗಳು ಉಳಿಯಲಿಲ್ಲ. ನೀಲಗಿರಿ ತೋಪು ಹೋಗಿ ಷೆಡ್ಡುಗಳು ಬಂದವು, ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದವು. ಒಂದು ಯುಗಾದಿಗೆ ಬೇಟೆಗೆ ಹೋದವರು ಬರಿಗೈಯಲ್ಲಿ ಬಂದರು, ಮುಂದಿನ ವರ್ಷ ಹೋಗಲೇ ಇಲ್ಲ. "ಮೊಲ ಎಲ್ಲ ಕೆಂಗೇರಿ ಉಪನಗರದಾಗೆ ಸೈಟ್ ತಗಂಡ್ ಓದ್ವು" ಎಂದು ಮಾವ ನಗಿಸುತ್ತಿದ್ದರು. ಆದರೆ ಬಲೆಯನ್ನು ಆಗಾಗ ಅಟ್ಟದಿಂದ ಇಳಿಸಿ, ಇಲಿ ಕಡಿದ ಕಣ್ಣುಗಳನ್ನು ಮತ್ತೆ ಹೆಣೆದಿಡುತ್ತಿದ್ದರು. ಯಾರಿಗೆಂದು ನಾವು ಕೇಳುತ್ತಿರಲಿಲ್ಲ.

ಕೊನೆಯ ಮಳೆಗಾಲದಲ್ಲಿ ಅವರಿಗೆ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದರು. ಒಂದು ಸಂಜೆ ಗಂಜಿ ಕುಡಿಸುವಾಗ ನಾನು ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ. "ಮಾವ, ಅವತ್ತು ಭಾವ ನನ್ನ ಹೆಸರು ಕೂಗದೇ ಇದ್ದಿದ್ರೆ ಏನ್ ಮಾಡ್ತಿದ್ರಿ?"

"ಏನ್ ಮಾಡಾದು? ನಿನ್ ಜೊತೆ ನಾನೂ ರಾಜಾಜಿನಗರಕ್ಕೆ ಬತ್ತಿದ್ದೆ. ನಿಮ್ಮಣ್ಣನ ಮನೇಲೂ ಒಂದ್ ಗೋಡೆ ಒಡುದ್ರಾಯ್ತಿತ್ತು."

ನಗುತ್ತ ನಗುತ್ತ ನಾನು ಗಂಜಿಯ ಲೋಟ ಹಿಡಿದುಕೊಂಡು ಹೊರಗೆ ಬಂದುಬಿಟ್ಟೆ. ಅವರ ಎದುರು ಅಳಬಾರದೆಂದು.

ದಸರಾ ಆಗಿ ಸ್ವಲ್ಪ ದಿನಕ್ಕೆ ಹೋದರು. ತಿಥಿಯ ದಿನ ಹಿರಿಯ ಮಗನ ಮನೆಯ ಎಡೆ ಇಟ್ಟರೆ ಸಾಕೆಂದು ಬಂದ ನೆಂಟರು ಮಾತಾಡಿಕೊಳ್ಳುತ್ತಿದ್ದರು. ನಾನು ಅಕ್ಕನಿಗೆ ತರಕಾರಿ ಹೆಚ್ಚಿಕೊಡುತ್ತಿದ್ದೆ. ಭಾವ ಬಂದು ನನ್ನ ಮುಂದೆ ನಿಂತರು. ತಲೆ ಬೋಳಿಸಿದ್ದರು, ಥೇಟು ಅಪ್ಪನ ಹಾಗೆಯೇ ಕಾಣುತ್ತಿದ್ದರು. "ಇಲ್ಲೇನ್ ಮಾಡ್ತಿದ್ದೀಯ? ಹೋಗಿ ನಿನ್ ಒಲೆ ಹಚ್ಚು. ಅಪ್ಪಂಗೆ ಎಲ್ಡು ಒಲೆ ಎಡೆ" ಎಂದರು.

ಅವರಿಗೆ ಹಿಡಿಸುತ್ತಿದ್ದದ್ದನ್ನೆಲ್ಲ ಮಾಡಿದೆ. ಮುದ್ದೆ, ಅವರೆಕಾಳು ಸಾರು, ಗಟ್ಟಿ ಮೊಸರು, ಎಳೆ ಮೆಣಸಿನಕಾಯಿ. ಬಾಳೆ ಎಲೆ ಹಾಕಿ ಎಡೆ ಬಡಿಸಿ, ದೀಪ ಹಚ್ಚಿ, ಪದ್ಧತಿಯಂತೆ ನನ್ನ ಅಡುಗೆಮನೆಯ ಬಾಗಿಲನ್ನು ಎತ್ತಿ ತಳ್ಳಿ ಮುಚ್ಚಿ, ಎಲ್ಲರೂ ಹೊರಗೆ ನಿಂತೆವು. ಹೋದವರು ಬಂದು ಉಣ್ಣುವ ಹೊತ್ತು ಅದು, ಯಾರೂ ನೋಡಬಾರದು. ಭಾವ ತಲೆ ತಗ್ಗಿಸಿ ನಿಂತಿದ್ದರು. ಮಗಳು ನನ್ನ ಸೆರಗು ಹಿಡಿದಿದ್ದಳು. ಒಳಗಿನಿಂದ ಒಂದು ಸದ್ದಿಲ್ಲ.

ಸ್ವಲ್ಪ ಹೊತ್ತಾದಮೇಲೆ ಅತ್ತೆ ಕಣ್ಣೊರೆಸಿಕೊಂಡು "ಸಾಕು, ಬಾಗಿಲು ತಗಿಯವ್ವ. ಉಂಡಿರ್ತಾರೆ" ಎಂದರು.

ನಾನು ಚಿಲಕದ ಮೇಲೆ ಕೈಯಿಟ್ಟೆ. ತೆಗೆಯಲಾಗಲಿಲ್ಲ.

"ಅವ್ರು ನಿಧಾನಕ್ಕೆ ಉಣ್ತಾರೆ ಅತ್ತೆ" ಎಂದೆ. "ಇನ್ನೊಂಚೂರು ಹೊತ್ತು ಇರ್ಲಿ."